ಮೂವತ್ತಾರರ ಪಿಚರ್‌ಗೆ ನಾಲ್ಕು ವರ್ಷದ ಕಾಂಟ್ರಾಕ್ಟ್

ಶುಕ್ರವಾರದ ವಿಡಿಯೋ ಮೀಟಿಂಗ್‌ನಲ್ಲಿ ಇಮ್ತಿಯಾಜ್ ಭಾಯ್ ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡರು. ಅದೂ ನಗುನಗುತ್ತಾ.

ಐರ್ಲೆಂಡ್‌ನಲ್ಲಿ ಲಾಕ್‌ಡೌನ್ ಸಮಯ. ಗ್ರ್ಯಾಂಡ್ ಕೆನಾಲ್ ಡಾಕ್‌ನ ಆಫೀಸಿಗೆ ಬೀಗ ಬಿದ್ದಿತ್ತು. ನಾನು ಬ್ಲಾಂಚರ್ಡ್ಸ್‌ಟೌನ್‌ನ ಮನೆಯಲ್ಲಿ ಇಸ್ತ್ರಿ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಇಮ್ತಿಯಾಜ್ ಭಾಯ್ ನಮ್ಮ ಟೀಮಿನವರೇ, ಹುಬ್ಬಳ್ಳಿಯವರು. ನಮ್ಮ ಪಕ್ಕದ ಬೀದಿಯಲ್ಲೇ ಬಾಡಿಗೆಗಿದ್ದರು.

ನಮ್ಮ ಕ್ಲೈಂಟ್ ಅಮೆರಿಕದವರು. ಅವರ ಜೊತೆ ಸಲಿಗೆ ಬೆಳೆಯಲಿ ಎಂದು ನಮ್ಮ ಐರಿಶ್ ಮ್ಯಾನೇಜರ್ ಡರ್ಮಟ್ ಒಂದು ಪದ್ಧತಿ ಶುರು ಮಾಡಿದ್ದ. ಶುಕ್ರವಾರ ಕೆಲಸದ ಮಾತು ಮುಗಿದ ಮೇಲೆ ಅವರ ಊರಿನ ಬೇಸ್‌ಬಾಲ್ ತಂಡದ ಚರ್ಚೆ. "ನೀವೇ ಜಿ.ಎಂ. ಆಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ.

ಜಿ.ಎಂ. ಎಂದರೆ ತಂಡದ ಜನರಲ್ ಮ್ಯಾನೇಜರ್. ಯಾರನ್ನು ಇಟ್ಟುಕೊಳ್ಳಬೇಕು, ಎಷ್ಟು ವರ್ಷದ ಕಾಂಟ್ರಾಕ್ಟ್ ಕೊಡಬೇಕು ಎಂದು ತೀರ್ಮಾನಿಸುವವನು. ಅಭಿಮಾನಿಗಳ ಬೈಗುಳವೆಲ್ಲ ಅವನಿಗೇ.

ಆ ವರ್ಷ ಸ್ಟೇಡಿಯಂನಲ್ಲಿ ಜನರ ಬದಲು ರಟ್ಟಿನ ಗೊಂಬೆಗಳನ್ನು ಕೂರಿಸಿ ಆಡುತ್ತಿದ್ದರು. ಆದರೂ ಇವರ ಜಗಳಕ್ಕೇನೂ ಬರ ಇರಲಿಲ್ಲ.

ಆ ತಂಡದ ಜಿ.ಎಂ. ಮಹಾಶಯ ಮೂವತ್ತಾರು ವರ್ಷದ, ಭುಜಕ್ಕೆ ಆಪರೇಷನ್ ಆಗಿದ್ದ ಒಬ್ಬ ಪಿಚರ್‌ಗೆ ನಾಲ್ಕು ವರ್ಷದ ಕಾಂಟ್ರಾಕ್ಟ್ ಕೊಟ್ಟಿದ್ದ. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಚೆನ್ನಾಗಿ ಆಡುತ್ತಿದ್ದ ಹುಡುಗನೊಬ್ಬನನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟಿದ್ದ. ಅಮೆರಿಕದವರು ಕೆಂಡಾಮಂಡಲ.

ಇಮ್ತಿಯಾಜ್ ಭಾಯ್ ಸರದಿ ಬಂತು. ಅವರಿಗೆ ಬೇಸ್‌ಬಾಲ್ ಎಂದರೆ ಹುಚ್ಚು. ಒಂದು ಸ್ಲೈಡನ್ನೇ ಮಾಡಿಕೊಂಡು ಬಂದಿದ್ದರು!

ಹಳೆಯ ಸಾಧನೆಗೆ ಥ್ಯಾಂಕ್ಸ್ ಹೇಳಬೇಕು, ಕಾಂಟ್ರಾಕ್ಟ್ ಕೊಡಬಾರದು ಎಂದರು. ವಯಸ್ಸಾದವರಿಗೆ ಒಂದೇ ವರ್ಷ, ಚೆನ್ನಾಗಿ ಆಡಿದರೆ ಇನ್ನೊಂದು ವರ್ಷ, ಅಷ್ಟೇ.

ಎಲ್ಲರೂ ಚಪ್ಪಾಳೆ ತಟ್ಟಿದರು. ಡರ್ಮಟ್ ಕೂಡ ತಲೆದೂಗಿದ.

ನನಗೆ ಮಾತ್ರ ಗಾಬರಿಯಾಯಿತು. ಏಕೆಂದರೆ ಅದೇ ತಿಂಗಳು ಭಾಯ್ ಕಾಂಟ್ರಾಕ್ಟ್ ರಿನ್ಯೂವಲ್‌ಗೆ ಬಂದಿತ್ತು. ತೀರ್ಮಾನ ಡರ್ಮಟ್ ಕೈಯಲ್ಲಿತ್ತು. ಇಡೀ ಟೀಮಿನಲ್ಲಿ ಎಲ್ಲರಿಗಿಂತ ವಯಸ್ಸಾದವರು ಈ ಭಾಯ್!

ಇಲ್ಲಿ ಉಳಿಯಲು ಅವರ ವರ್ಕ್ ಪರ್ಮಿಟ್‌ಗೆ ಎರಡು ವರ್ಷದ ಆಫರ್ ಬೇಕೇ ಬೇಕಿತ್ತು. ನೆಂಟರ ಮದುವೆಗೆಂದು ಹುಬ್ಬಳ್ಳಿಗೆ ಹೋದ ಹೆಂಡತಿ ನಸ್ರೀನ್ ಮತ್ತು ಮಗಳು ವಿಮಾನ ನಿಂತು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಆ ಮಗು ಇಲ್ಲಿನ ಸ್ಕೂಲಿನ ಕ್ಲಾಸನ್ನು ಅಲ್ಲಿಂದಲೇ ಆನ್‌ಲೈನ್‌ನಲ್ಲಿ ಕೇಳುತ್ತಿತ್ತು. ಊಟ ಆಯ್ತಾ ಎಂದು ಅಜ್ಜಿ ಕೇಳಿದರೆ ಐರಿಶ್ ಮಕ್ಕಳ ಹಾಗೆ "ಐ ಆಮ್ ಗ್ರ್ಯಾಂಡ್", ಅಂದರೆ ನಾನು ಚೆನ್ನಾಗಿದ್ದೇನೆ, ಎನ್ನುತ್ತಿತ್ತಂತೆ.

ಮೀಟಿಂಗ್ ಮುಗಿದದ್ದೇ ಫೋನ್ ಮಾಡಿದೆ. "ಭಾಯ್, ನಿಮಗೇನು ತಲೆ ಕೆಟ್ಟಿದ್ಯಾ?"

"ಅಕ್ಕಾರ, ಅದು ಆಟ, ಇದು ನೌಕರಿ. ಡರ್ಮಟ್ ಅಷ್ಟೂ ತಿಳೀಲಾರದ ಮನಿಷ್ಯಾ ಏನ್ರಿ?"

ಮುಂದಿನ ವಾರ ಆಫರ್ ಬಂತು. ಒಂದು ವರ್ಷ. ಕೆಲಸ ಚೆನ್ನಾಗಿದ್ದರೆ ಇನ್ನೊಂದು ವರ್ಷ...

ಆ ಸ್ಲೈಡ್ ನೋಡಿಯೇ ಹೀಗೆ ಮಾಡಿದ ಎಂದು ನಾನು ಹೇಳುವುದಿಲ್ಲ. ಕಂಪನಿಯ ಪರಿಸ್ಥಿತಿಯೂ ಇರಬಹುದು. ಆದರೆ ಮಾತು ಮಾತ್ರ ಭಾಯ್ ಆಡಿದ್ದೇ.

ಸಂಜೆ ಮನೆ ಹತ್ತಿರದ ಕೆನಾಲ್ ಪಕ್ಕದ ದಾರಿಯಲ್ಲಿ ಮಾಸ್ಕ್ ಹಾಕಿಕೊಂಡು, ದೂರ ದೂರ ನಡೆಯುತ್ತಾ ಹೇಳಿದೆ, ಹೋಗಿ ಕೇಳಿ ಎಂದು. ಸುತರಾಂ ಒಪ್ಪಲಿಲ್ಲ.

"ಏನಂತ ಕೇಳ್ಲಿರಿ? ಹೋದ ವಾರ ನಾನ ಎಲ್ಲಾರ ಮುಂದ ಹೇಳೇನಿ. ಖರೇ ಅಂದ್ರ, ಅವನ ಜಾಗಾದಾಗ ನಾ ಇದ್ದಿದ್ರೂ ಒಂದ ವರ್ಷಾನ ಕೊಡ್ತಿದ್ದೆ."

ನನಗೆ ನಿಜಕ್ಕೂ ಕೋಪ ಬಂತು. ಡರ್ಮಟ್ ಮೇಲಲ್ಲ, ಇವರ ಮೇಲೆ.

ಆ ಪಿಚರ್‌ಗೊಬ್ಬ ಏಜೆಂಟ್ ಇದ್ದಾನಲ್ಲ, ಅವನ ಕೆಲಸ ಏನು ಎಂದು ಕೇಳಿದೆ. ಬೇಸ್‌ಬಾಲ್ ಬಗ್ಗೆ ಕೇಳಿದರೆ ಸುಮ್ಮನಿರುವ ಆಸಾಮಿಯೇ ಅಲ್ಲ.

"ಆಟಗಾರನ ಪರ ಮಾತಾಡೂದರಿ. ಟೀಮಿಗೆ ಲಾಭನೋ ಲುಕ್ಸಾನೋ, ಅಂವಗ ಸಂಬಂಧ ಇಲ್ಲ."

"ನಿಮ್ಮ ಪರ ಮಾತಾಡೋರು ಯಾರು ಭಾಯ್?"

ನಸ್ರೀನ್‌ಗೆ ಇನ್ನೂ ಹೇಳಿಲ್ಲ ಎಂದರು. ಅದನ್ನು ಕೇಳಿ ನನಗೆ ತುಂಬಾ ಸಂಕಟವಾಯಿತು.

ಮರುದಿನ ನಾನೇ ಡರ್ಮಟ್‌ಗೆ ಫೋನ್ ಮಾಡಿದೆ. ನಾನೂ ಕಾಂಟ್ರಾಕ್ಟ್ ಮೇಲೇ ಇದ್ದವಳು. ಬೇಸ್‌ಬಾಲ್ ಮಾತೇ ಎತ್ತಲಿಲ್ಲ. ಪರ್ಮಿಟ್, ಹೆಂಡತಿ, ಮಗಳ ಸ್ಕೂಲು, ಇಷ್ಟೇ ಹೇಳಿದೆ. ಎರಡು ವರ್ಷದ ನಿಯಮ ಅವನಿಗೆ ಗೊತ್ತೇ ಇರಲಿಲ್ಲ! ಭಾಯ್ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

"ಲೀವ್ ಇಟ್ ವಿತ್ ಮಿ" ಎಂದ. ಐರ್ಲೆಂಡ್‌ನಲ್ಲಿ ಇರುವವರಿಗೆ ಗೊತ್ತು, ಈ ಮಾತಿಗೆ ಕೆಲಸ ಆಗುತ್ತದೆ ಎಂದೂ ಅರ್ಥ, ಇನ್ನು ಮರೆತುಬಿಡಿ ಎಂದೂ ಅರ್ಥ.

ಕಾದೆವು. ಭಾಯ್ ಮೀಟಿಂಗ್‌ಗಳಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಕೂರುತ್ತಿದ್ದರು. ಮನೆ ಓನರ್‌ಗೆ ನೋಟಿಸ್ ಕೊಡಬೇಕಾ ಎಂದು ಒಮ್ಮೆ ನನ್ನನ್ನು ಕೇಳಿದರು.

ಕೊನೆಗೆ ಒಂದು ಮಧ್ಯಾಹ್ನ ಫೋನ್ ಬಂತು. "ಅಕ್ಕಾರ, ಎರಡು ವರ್ಷ..." ಎಂದರು ಭಾಯ್. ಹಿಂದಿನಿಂದ ವಿಡಿಯೋ ಕಾಲ್‌ನಲ್ಲಿ ನಸ್ರೀನ್ ಅಳುವುದು ಕೇಳುತ್ತಿತ್ತು. ನಾನೂ ಅತ್ತೆ.

ಅದಾದ ಶುಕ್ರವಾರ ಆ ಪಿಚರ್ ಮತ್ತೆ ಚೆನ್ನಾಗಿ ಹೊಡೆಸಿಕೊಂಡು ಬಂದಿದ್ದ. ಈಗಲೂ ನಿನ್ನ ಅಭಿಪ್ರಾಯ ಅದೇನಾ ಎಂದು ಡರ್ಮಟ್ ಭಾಯ್ ಅವರನ್ನು ಕೇಳಿದ.

ಭಾಯ್ ಕ್ಯಾಮೆರಾ ಆನ್ ಮಾಡಿದರು. ನಾಲ್ಕು ವರ್ಷ ಕೊಟ್ಟಿದ್ದು ತಪ್ಪೇ ತಪ್ಪು ಎಂದರು!

ಎಲ್ಲರಿಗಿಂತ ಜೋರಾಗಿ ನಕ್ಕವನು ಡರ್ಮಟ್.

ಇನ್ನೊಬ್ಬರ ಲೆಕ್ಕ ಹಾಕುವಾಗ ಜಿ.ಎಂ. ಆಗೋಣ, ಬೇಡ ಎನ್ನುವುದಿಲ್ಲ... ಆದರೆ ನಮಗಾಗಿ ಕೇಳಬೇಕಾದ ದಿನವೂ ನಾವು ಯಾಕೆ ಎದುರಿನವನ ಕುರ್ಚಿಯಲ್ಲೇ ಹೋಗಿ ಕೂರುತ್ತೇವೆ?