ಕೂತು ನೋಡುವ ನೋಣಯ್ಯ
ಅತ್ತಾವರದ ಹೋಟೆಲಿನ ಹೊರಗಿನ ಬೆಂಚಿನಲ್ಲಿ ಒಬ್ಬರು ನನ್ನ ಪಕ್ಕ ಬಂದು ಕೂತು, "ದಿನಾ ಇಲ್ಲೇ ಊಟವಾ?" ಎಂದು ಕೇಳಿದಾಗ, ಹೆಣ್ಣಿನ ಕಡೆಯವರೆಂದುಕೊಂಡು ಹೆಂಚಿನ ಕಾರ್ಖಾನೆಯ ಗುಮಾಸ್ತನಾದ ನಾನು ಸಂಬಳವನ್ನು ಹತ್ತು ರೂಪಾಯಿ ಏರಿಸಿಯೇ ಹೇಳಿದೆ. ಅವರು ನೋಡಲು ಬಂದದ್ದು ಬೆಂಚನ್ನು. ಹೊರಗೆ ಕೂತು ಉಣ್ಣುವವನೂ ಕೈ ತೊಳೆದು ಚರಂಡಿ ತುಂಬಿಸುತ್ತಾನೆಂದು, ಹೋಟೆಲುಗಳ ಹೊರಗಿನ ಸೀಟಿಗೂ ಚರಂಡಿ ಶುಲ್ಕ ಹಾಕುವ ಮುನಿಸಿಪಾಲಿಟಿಯ ನೋಣಯ್ಯನವರು ಇವರೇ. ಗೋಡೆಗೆ ಒರಗಿಸಿದ ಹಲಗೆ, ಬೋರಲು ಹಾಕಿದ ಡಬ್ಬ, ತೆಂಗಿನ ಕೊರಡು, ಯಾವುದರ ಮೇಲೂ ಅವರಿಗೆ ನಂಬಿಕೆ ಇಲ್ಲ. "ಇದು ಕೂರ್ಲಿಕ್ಕೆ ಅಲ್ಲ ನೋಣಯ್ಯಣ್ಣ, ಸೌದೆ" ಎಂದರೆ, "ಸೌದೆಗೆ ಎಂತಕ್ಕೆ ಇಷ್ಟು ನುಣುಪು?" ಎಂದು ತಾವೇ ಅದರ ಮೇಲೆ ಕೂರುತ್ತಾರೆ. ಅವರ ಭಾರ ತಡೆದರೆ ಸೀಟೆಂದು ಪುಸ್ತಕಕ್ಕೆ ಬರೆಯುತ್ತಾರೆ. ಮುರಿದರೆ ಮಾತ್ರ ಸೌದೆ. ಕೂತು ನೋಡದೆ ಒಂದಕ್ಷರ ಬರೆದವರಲ್ಲ. ಅವರನ್ನು ಕಂಡರೆ ಉಣ್ಣುತ್ತಿದ್ದ ಗಿರಾಕಿಗಳೂ ಎದ್ದು ನಿಂತು, ದಾರಿಹೋಕರಂತೆ ಆಕಾಶ ನೋಡುತ್ತಾರೆ. ಜೆಪ್ಪುವಿನಲ್ಲಿ, ಗಂಡ ತೀರಿದ ಮೇಲೆ ಸಾರಮ್ಮ ನಡೆಸುವ ಚಹಾದಂಗಡಿಯ ಮುಂದೆ ಒಂದು ಕಲ್ಲುಚಪ್ಪಡಿ ಉಂಟು. ಒಳಗೆ ಒಲೆಗೇ ಜಾಗ ಸಾಲದು; ಗಿರಾಕಿ ಕೂರುವುದು ಆ ಚಪ್ಪಡಿಯಲ್ಲೇ, ಅದಕ್ಕೆ ಶುಲ್ಕ ಬಿದ್ದರೆ ಅಂಗಡಿ ಮುಚ್ಚಿದ ಹಾಗೆ. ಅಲ್ಲಿ ಮಾತ್ರ ನೋಣಯ್ಯನವರು ಬಾತ ಮೊಣಕಾಲನ್ನು ನೀವಿಕೊಳ್ಳುತ್ತ ನಿಂತೇ ಚಹಾ ಕುಡಿಯುತ್ತಾರೆ. ಪುಕ್ಕಟೆ ಚಹಾ ಇರಬೇಕೆಂದು ನನಗೆ ಗುಮಾನಿ; ಅವರು ಕಾಸು ಕೊಟ್ಟದ್ದನ್ನು ಕಣ್ಣಾರೆ ಕಂಡರೂ ಗುಮಾನಿ ಹೋಗಲಿಲ್ಲ. ಒಂದು ದಿನ ಚಪ್ಪಡಿಯಲ್ಲಿ ಸರಿದು ಜಾಗ ಮಾಡಿ, "ಕಾಲು ಇಷ್ಟು ನೋಯುವಾಗ ಇಲ್ಲಿ ಮಾತ್ರ ಎಂತಕ್ಕೆ ಕೂರುವುದಿಲ್ಲ?" ಎಂದು ಕೇಳಿಯೇಬಿಟ್ಟೆ. "ಕೂತರೆ ಬರೀಬೇಕಾಗ್ತದೆ ಮಾರಾಯ" ಎಂದರು.