ಜವಾಬು ಬಿಟ್ಟು ಹಾಡಿದ ಪದ

ಮುಂಬೈನ ವಿಕ್ರೋಳಿಯ ನಮ್ಮ ಚಾಳಿನಲ್ಲಿದ್ದ ದರ್ಜಿ ಚಾಚಾ ವಿಜಯಪುರದ ಕಡೆಯವರು. ಮಧ್ಯಾಹ್ನ ಹೊಲಿಗೆ ಮಶೀನು ನಿಲ್ಲಿಸಿ, ಕಿವಿಗೆ ಕೈಯಿಟ್ಟು, ಮೊಹರಮ್ಮಿನ ಪದ ಹಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಯಾರು ಬೇಕಾದರೂ ಕೇಳಲಿ, ಹಂಚಲಿ ಎಂದು ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ಆ ಪದಗಳಲ್ಲಿ ಒಂದು ಮೇಳ ಸವಾಲು ಹಾಕಿದರೆ ಎದುರಿನ ಮೇಳ ಜವಾಬು ಹಾಡಬೇಕು; ಆದರೆ ಚಾಚಾ ಹಾಡುತ್ತಿದ್ದುದು ಪ್ರತಿ ಸಲವೂ ಸವಾಲಿನ ಭಾಗ ಮಾತ್ರ.

“ಪೂರ್ತಿ ಹಾಡಿ ಚಾಚಾ,” ಎಂದರೆ, “ಸವಾಲ್ ನಂದು. ಜವಾಬ್ ಎದುರಿನ ಮೇಳದ್ದರಿ,” ಎನ್ನುತ್ತಿದ್ದರು.

ಆ ಮೇಳ ಅವರ ಊರಿನಲ್ಲಿತ್ತು. ಅಲ್ಲಿ ನೀರಿನ ಟಾಕಿ ಹತ್ತಿದರೆ ಮಾತ್ರ ನೆಟ್‌ವರ್ಕ್. ಎಷ್ಟೋ ತಿಂಗಳು ಉತ್ತರ ಬರಲಿಲ್ಲ. ಇವರು ಹೊಸ ಸವಾಲು ಹಾಡುತ್ತಲೇ ಇದ್ದರು.

ಒಂದು ದಿನ ಬಾಗಿಲಲ್ಲೇ ನನ್ನನ್ನು ತಡೆದು ಮೊಬೈಲನ್ನು ನನ್ನ ಕಿವಿಗೆ ಹಿಡಿದರು. ಹಲವು ದನಿಗಳು ಒಟ್ಟಾಗಿ ಜವಾಬು ಹಾಡುತ್ತಿದ್ದವು. ಗಾಳಿಯ ಸದ್ದಿನಲ್ಲಿ ಮಾತುಗಳು ಸರಿಯಾಗಿ ತಿಳಿಯಲಿಲ್ಲ.

“ಗಾಳಿ ಸದ್ದೇ ಜಾಸ್ತಿ ಚಾಚಾ,” ಎಂದೆ.

“ಆ ಗಾಳೀನ ಕೇಳ್ರಿ,” ಎಂದರು. “ಇಡೀ ಮೇಳ ಟಾಕಿ ಹತ್ತೈತ್ರಿ.”