ಕೃಷ್ಣವೇಣಿ ಕಂಪ್ಯೂಟರಿಗೆ ಮನೆ ಮಾಡಿಕೊಟ್ಟದ್ದು

ನನ್ನ ತಂಗಿ ಓಬಮ್ಮನ ಮಗಳು ಕೃಷ್ಣವೇಣಿ ಕಲ್ಯಾಣದುರ್ಗದ ಹುಡುಗಿ. ಮಾತು ಕಡಿಮೆ, ಹಟ ಜಾಸ್ತಿ. ಚಿಕ್ಕವಳಿದ್ದಾಗ ಕೀಲಿ ಕಳೆದ ಟ್ರಂಕಿನ ಮುಂದೆ ಊಟ ಬಿಟ್ಟು ಕೂತಿದ್ದಳು. ಹೇರ್‌ಪಿನ್ನಿನಿಂದ ಬೀಗ ಬಿಚ್ಚಿದ ಮೇಲೆಯೇ ಎದ್ದದ್ದು. ನನ್ನ ಯಜಮಾನರು ಹೋದ ಮೇಲೆ ನನಗೆ ಜೊತೆಯಾಗಿರಲು ಹಿಂದೂಪುರಕ್ಕೆ ಬಂದವಳು, ಹುಣಸೆ ಮಂಡಿಗಳ ಹಿಂದಿದ್ದ ಈರಲಿಂಗಪ್ಪನ ಕಂಪ್ಯೂಟರ್ ಸೆಂಟರಿಗೆ ಸೇರಿದಳು. ಎರಡು ಸಾವಿರದ ನಾಲ್ಕನೇ ಇಸವಿ ಇರಬೇಕು.

ಅಲ್ಲಿ ಅವಳದು ಟೈಪಿಂಗ್ ಹೇಳಿಕೊಡುವ ಕೆಲಸ. ಕಣ್ಣೆಲ್ಲ ಹೊಸದಾಗಿ ಶುರುವಾಗಲಿದ್ದ ಯುನಿಕ್ಸ್ ಕ್ಲಾಸಿನ ಮೇಲೆ. ಅದಕ್ಕೆಂದು ವಿಂಡೋಸ್ ಕಂಪ್ಯೂಟರಿನೊಳಗೇ ಯುನಿಕ್ಸಿನಂತೆ ನಡೆಯುವ ‘ಶೆಲ್’ ಎಂಬುದನ್ನು ಹಾಕಿದ್ದರು. ಅದೊಂದು ಕಪ್ಪು ಕಿಟಕಿ, ಅದರಲ್ಲಿ ಅಕ್ಷರ ಕುಟ್ಟಿದರೆ ಹೇಳಿದ ಕೆಲಸ ಮಾಡಬೇಕು. ಆದರೆ ತೆರೆದರೆ ಸಾಕು, ತಪ್ಪು ತಪ್ಪು ಎಂದು ನಿಂತುಬಿಡುತ್ತಿತ್ತು.

“ನಾಳೆ ಹುಡುಗ್ರು ಬತ್ತಾರೆ. ಅಷ್ಟೊತ್ಗೆ ಇದನ್ನ ನಡಿಸ್ದೆ ಅಂದ್ರೆ ಕ್ಲಾಸು ನಿಂದು. ಇಲ್ಲಾಂದ್ರೆ ಬೆಂಗ್ಳೂರಿಂದ ಮೇಷ್ಟ್ರನ್ನ ಕರೀತೀನಿ, ನೀನು ಟೈಪು ಕುಟ್ಕಂಡಿರು” ಎಂದಿದ್ದ ಈರಲಿಂಗಪ್ಪ.

ಅವತ್ತು ಮಧ್ಯಾಹ್ನ ನಾನು ಬುತ್ತಿ ತಗೊಂಡು ಹೋದಾಗ ಅವಳು ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

“ದೊಡ್ಡಮ್ಮ, ಇದಕ್ಕೆ ಮನೆ ಸಿಗ್ತಿಲ್ಲ.”

“ಕಂಪ್ಯೂಟ್ರಿಗೆ ಯಾವ ಮನೆಯೇ?”

“ಶೆಲ್ಲು ಎದ್ದೇಟ್ಗೆ ತನ್ನ ಮನೆಗೆ ಹೋಯ್ತದೆ. ಮನೆ ಅಂದ್ರೆ ಒಂದು ಫೋಲ್ಡರು. ಅದಕ್ಕೆ ನಮ್ಮ ಸಾರ್ ಇಟ್ಟಿರೋ ಹೆಸ್ರು ಕೇಳು: ಉಡುಸಲಮ್ಮ ಕೃಪೆ!”

ನಮ್ಮ ಕಡೆ ಲಾರಿಗಾಗಲಿ ಗಿರಣಿಗಾಗಲಿ ಗ್ರಾಮದೇವತೆ ಉಡುಸಲಮ್ಮನ ಹೆಸರು ಬರೆಸದೆ ಶುರುಮಾಡುವುದಿಲ್ಲ. ಈರಲಿಂಗಪ್ಪ ಕಂಪ್ಯೂಟರಿಗೂ ಅದನ್ನೇ ಮಾಡಿದ್ದ. ಶೆಲ್ಲು ಎರಡು ಪದಗಳ ನಡುವಿನ ಸಂದಿನಲ್ಲಿ ಓದು ನಿಲ್ಲಿಸಿ, ಬರೀ ‘ಉಡುಸಲಮ್ಮ’ ಎಂಬ ಮನೆ ಹುಡುಕಿ, ಕಾಣದೆ ವಾಪಸು ಬರುತ್ತಿತ್ತು.

“ಸಾರ್, ಕೃಪೆ ತೆಗ್ದುಬಿಡ್ಲಾ?” ಎಂದು ಅವಳು ಆಚೆ ಮೇಜಿನತ್ತ ತಿರುಗಿ ಕೇಳಿದಳು.

ಈರಲಿಂಗಪ್ಪ ಕುರ್ಚಿಯಿಂದ ಎದ್ದೇಬಿಟ್ಟ. “ಬುದ್ಧಿ ಉಂದಾ ನೀಕು? ಬುದ್ಧಿ ಐತಾ ನಿಂಗೆ? ಅಮ್ಮನ ಕೃಪೆ ತೆಗೆದ್ರೆ ಅಂಗ್ಡಿ ಮುಳುಗೋಯ್ತದೆ!”

“ಎರಡೂ ಸೇರ್ಸಿ ಬರೀಲಾ?”

“ಆ ಹೆಸ್ರಿಗೆ ಕೈ ಹಚ್ಬ್ಯಾಡ ಕಣಮ್ಮಿ.”

ಕೃಷ್ಣವೇಣಿ ನಕ್ಕಳು. “ಅಮ್ಮ ಅಲ್ಲೇ ಇರ್ಲಿ ಸಾರ್. ಶೆಲ್ಲಿಗೆ ಬೇರೆ ಮನೆ ಮಾಡ್ಕೊಡ್ತೀನಿ.”

ಹೊಸದೊಂದು ಫೋಲ್ಡರ್ ತೆರೆದು ಅದಕ್ಕೆ ‘ಮನೆ’ ಎಂದು ಹೆಸರಿಟ್ಟಳು. ಒಂದೇ ಪದ, ನಡುವೆ ಸಂದಿಲ್ಲ. ಆಮೇಲೆ ‘ಮೈ ಕಂಪ್ಯೂಟರ್’ ಒತ್ತಿ, ಒಳಗೊಳಗೇ ಹೋಗಿ, ‘ಎನ್ವಿರಾನ್‌ಮೆಂಟ್ ವೇರಿಯಬಲ್ಸ್’ ಎಂಬ, ಶೆಲ್ಲು ಎದ್ದಾಗ ವಿಳಾಸ ನೋಡಿಕೊಳ್ಳುವ ಕಡೆ ‘ಹೋಮ್’ ಎಂದು ಬರೆದು ಅದರೆದುರು ಆ ಫೋಲ್ಡರಿನ ವಿಳಾಸ ಕೊಟ್ಟಳು. ಕಪ್ಪು ಕಿಟಕಿಯಲ್ಲಿ ಮತ್ತೆ ಅದೇ ತಪ್ಪು.

“ಅಯಿಪೋಯಿಂದಿ, ಮುಗ್ದೋಯ್ತು” ಎಂದು ಈರಲಿಂಗಪ್ಪ ಬೆಂಗಳೂರಿಗೆ ಫೋನ್ ತಿರುಗಿಸತೊಡಗಿದ.

“ತಡೀರಿ ಸಾರ್! ಇದು ಮೊದ್ಲೇ ತೆಗ್ದಿದ್ದ ಕಿಟಕಿ. ಹೊಸ ವಿಳಾಸ ಇದಕ್ಕೆ ಗೊತ್ತಿಲ್ಲ.”

ಮುಚ್ಚಿ ಮತ್ತೆ ತೆರೆದಳು. ತಪ್ಪಿಲ್ಲ. ಎಲ್ಲಿದ್ದೀಯ ಎಂದು ಕೇಳುವ ಮೂರಕ್ಷರ ಕುಟ್ಟಿದಳು. ಉತ್ತರದ ಕೊನೆಯಲ್ಲಿ ‘ಮನೆ’ ಎಂದು ಬಂತು.

“ಮನೆ ಸೇರ್ತು ದೊಡ್ಡಮ್ಮ!” ಎಂದು ಅವಳು ಕೂಗಿದ್ದು ಮಂಡಿಯ ಹಮಾಲರಿಗೂ ಕೇಳಿರಬೇಕು.

ಈರಲಿಂಗಪ್ಪ ಫೋನಿಟ್ಟು ಕೈಮುಗಿದ. “ಎಲ್ಲಾ ಅಮ್ಮನ ಕೃಪೆ.”

“ಕೃಪೆ ಅಮ್ಮಂದು ಸಾರ್. ಕ್ಲಾಸು ನಂದು.”

ಮಾರನೆಯ ದಿನ ಅವಳು ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಳು. ಟೈಪಿಂಗಿಗೆ ಈರಲಿಂಗಪ್ಪ ಬೇರೆಯವರನ್ನು ಹುಡುಕಿಕೊಂಡ.